ಲೇಟೆಕ್ ಪ್ಯಾಕೇಜ್‌ಗಳು: ಹಾಕಿಕೊಳ್ಳುವುದು ಹೇಗೆ, ಇಡುವುದು ಎಲ್ಲಿ

"ಪ್ರಬಂಧ ಸಲ್ಲಿಸಲು ಎರಡೇ ದಿನ ಉಳಿದಿದೆ. ಕಂಪೈಲ್ ಮಾಡಿದರೆ ಫೈಲ್ ನಾಟ್ ಫೌಂಡ್ ಅಂತ ಬಂದು ನಿಲ್ಲುತ್ತದೆ. ಏನು ಮಾಡಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಅಷ್ಟು ಹೊತ್ತಿಗೆ ಒಂದು ಕೆಲಸ ಮಾಡಿಯೂ ಆಗಿರುತ್ತದೆ: ಸಿಗದ ಫೈಲ್‌ನ ಹೆಸರನ್ನು ಜಾಲದಲ್ಲಿ ಹುಡುಕಿ, ಎಲ್ಲಿಂದಲೋ ಇಳಿಸಿ, ಪ್ರಬಂಧದ ಫೋಲ್ಡರ್‌ಗೆ ಹಾಕಿರುತ್ತಾರೆ. ಆ ಹೊತ್ತಿಗೆ ಕೆಲಸ ನಡೆಯುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಒಂದೆರಡು ವರ್ಷ ಕಳೆದ ಮೇಲೆ, ಆ ಫೈಲ್ ಅಲ್ಲಿರುವುದೇ ಮರೆತುಹೋದಾಗ.

ಹಾಗಾಗಿ ಈ ಲೇಖನದಲ್ಲಿ ಹಾಕಿಕೊಳ್ಳುವುದಕ್ಕಿಂತ ಇಡುವುದರ ಬಗ್ಗೆ ಹೆಚ್ಚು ಬರೆದಿದ್ದೇನೆ. ನಿಮ್ಮ ಕಂಪ್ಯೂಟರ್‌ನಲ್ಲಿ ಒಂದು ಪ್ಯಾಕೇಜ್‌ಗೆ ಒಂದೇ ಮನೆ ಇರಬೇಕು, ಆ ಮನೆ ಯಾವುದೆಂದು ನಿಮಗೆ ಗೊತ್ತಿರಬೇಕು. ಇಷ್ಟಾದರೆ ಈ ವಿಷಯದಲ್ಲಿ ಬರುವ ಮುಕ್ಕಾಲು ತಲೆನೋವು ಬರುವುದೇ ಇಲ್ಲ.

ಮೊದಲು ಎರಡು ಮಾತು

ಆದೇಶಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ, ಓದುವ ಹಾಗೆ ಬರೆದಿದ್ದೇನೆ. ಟರ್ಮಿನಲ್ ಆದೇಶಗಳನ್ನೂ ಫೈಲ್ ಹೆಸರುಗಳನ್ನೂ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದಾಖಲೆಯೊಳಗೆ ಬರೆಯುವ ಕೆಲವು ಆದೇಶಗಳಲ್ಲಿ ದೊಡ್ಡಕ್ಷರಗಳಿವೆ, ಅವನ್ನು ಕೈಪಿಡಿಯಲ್ಲಿದ್ದಂತೆಯೇ ಬರೆಯಿರಿ. ಟೆಕ್, ಲೇಟೆಕ್ ಎಂಬ ಹೆಸರುಗಳ ಕೊನೆಯ ಅಕ್ಷರ ನೋಡಲು ಇಂಗ್ಲಿಷ್‌ನ ಎಕ್ಸ್, ಆದರೆ ಅದು ಗ್ರೀಕ್ ಅಕ್ಷರ 'ಕೈ'. ಅದಕ್ಕೇ ಉಚ್ಚಾರ 'ಟೆಕ್'. ಕೀಲಿಮಣೆಯಲ್ಲಿ ಒತ್ತಬೇಕಾದದ್ದು ಮಾತ್ರ ಎಕ್ಸ್.

ಕೆಲವು ಪದಗಳ ಅರ್ಥ. ಟೆಕ್ ಎನ್ನುವುದು ಡೊನಾಲ್ಡ್ ಕ್ನೂತ್ 1977ರಲ್ಲಿ ಕೈಹಾಕಿದ ಅಕ್ಷರಜೋಡಣೆ ತಂತ್ರಾಂಶ. ಲೇಟೆಕ್ ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಸುಲಭದ ಪದರ. ನೀವು ಬರೆದ ಫೈಲ್‌ನಿಂದ ಲೇಟೆಕ್ ಮೂಲಕ ಪಿಡಿಎಫ್ ಮಾಡಿಸುವುದೇ ಕಂಪೈಲ್. ಪ್ಯಾಕೇಜ್ ಎಂದರೆ ಲೇಟೆಕ್‌ಗೆ ಹೊಸ ಆದೇಶಗಳನ್ನು ಕಲಿಸುವ ಫೈಲ್‌ಗಳ ಕಟ್ಟು; ಅದರ ಮುಖ್ಯ ಫೈಲ್ ಸಾಮಾನ್ಯವಾಗಿ .ಎಸ್‌ಟಿವೈ ಎಂದು ಕೊನೆಯಾಗುತ್ತದೆ. ಕ್ಲಾಸ್ ಎಂದರೆ ಇಡೀ ದಾಖಲೆಯ ಅಚ್ಚು, .ಸಿಎಲ್‌ಎಸ್, ಸಂಶೋಧನಾ ಪತ್ರಿಕೆಗಳು ಲೇಖಕರಿಗೆ ಕೊಡುವುದು ಇದನ್ನೇ. ಸಿಟಾನ್ ಎಂದರೆ ಈ ಎಲ್ಲ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರ. 1992ರಿಂದ ನಡೆದು ಬಂದಿರುವ ಅದರಲ್ಲಿ ಈಗ 6000ಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ವಿತರಣೆ ಎಂದರೆ ಟೆಕ್, ಲೇಟೆಕ್, ಫಾಂಟ್‌ಗಳು, ಪ್ಯಾಕೇಜ್‌ಗಳು ಎಲ್ಲವನ್ನೂ ಸೇರಿಸಿ ಕೊಡುವ ದೊಡ್ಡ ಗಂಟು. ಟೆಕ್ ಲೈವ್, ಮಿಕ್‌ಟೆಕ್, ಮ್ಯಾಕ್‌ಗೆ ಮ್ಯಾಕ್‌ಟೆಕ್ ಇವು ಮುಖ್ಯವಾದವು. ಮ್ಯಾಕ್‌ಟೆಕ್‌ನ ಒಳಗಿರುವುದು ಟೆಕ್ ಲೈವ್.

ಹಂತ 1: ನಿಮ್ಮಲ್ಲಿರುವುದು ಯಾವುದು ನೋಡಿ

ಟರ್ಮಿನಲ್ ತೆರೆದು (ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್) ಹೀಗೆ ಬರೆಯಿರಿ:

ಪಿಡಿಎಫ್‌ಲೇಟೆಕ್ --ವರ್ಷನ್

ಮೊದಲ ಸಾಲಿನಲ್ಲೇ ಟೆಕ್ ಲೈವ್ ಮತ್ತು ಇಸವಿ, ಇಲ್ಲವೇ ಮಿಕ್‌ಟೆಕ್ ಎಂದು ಕಾಣುತ್ತದೆ. ಲಿನಕ್ಸ್‌ನಲ್ಲಿ ಇಸವಿಯ ಪಕ್ಕ ಡೆಬಿಯನ್ ಎಂದೂ ಇದ್ದರೆ ಗುರುತಿಟ್ಟುಕೊಳ್ಳಿ, ನಿಮ್ಮ ದಾರಿ ಸ್ವಲ್ಪ ಬೇರೆ. ಯಾರಲ್ಲಿ ಸಹಾಯ ಕೇಳುವುದಿದ್ದರೂ ಈ ಸಾಲನ್ನು ಸೇರಿಸಿ ಕೇಳಿ. ಇದಿಲ್ಲದೆ ಕೊಡುವ ಉತ್ತರ ಬರೀ ಊಹೆ.

ಹಂತ 2: ಎರರ್ ಅನ್ನು ಪೂರ್ತಿ ಓದಿ

ಪ್ಯಾಕೇಜ್ ಇಲ್ಲದಿದ್ದರೆ ಬರುವ ಸಂದೇಶ ಬಹಳ ಸ್ಪಷ್ಟವಾಗಿರುತ್ತದೆ: "ಲೇಟೆಕ್ ಎರರ್: ಫೈಲ್ 'ಎಸ್‌ಐಯೂನಿಟ್‌ಎಕ್ಸ್.ಎಸ್‌ಟಿವೈ' ನಾಟ್ ಫೌಂಡ್". ಇದೇ ಸಾಲು ಇದ್ದರೆ ಮಾತ್ರ ಪ್ಯಾಕೇಜ್ ಹಾಕಿಕೊಳ್ಳುವ ಹಂತ 3 ನಿಮಗೆ ಬೇಕು. "ಅನ್‌ಡಿಫೈನ್ಡ್ ಕಂಟ್ರೋಲ್ ಸೀಕ್ವೆನ್ಸ್" ಎಂದಿದ್ದರೆ ಲೇಟೆಕ್‌ಗೆ ಗೊತ್ತಿಲ್ಲದಿರುವುದು ಫೈಲ್ ಅಲ್ಲ, ಒಂದು ಆದೇಶ. ಅದರ ಹೆಸರನ್ನು ತಪ್ಪಾಗಿ ಬರೆದಿರಬಹುದು, ಪ್ಯಾಕೇಜ್ ಅನ್ನು ದಾಖಲೆಯ ತಲೆಯಲ್ಲಿ ಯೂಸ್‌ಪ್ಯಾಕೇಜ್ ಆದೇಶದಿಂದ ಕರೆಯಲು ಮರೆತಿರಬಹುದು, ಅಥವಾ ಹಳೆಯ ಆವೃತ್ತಿ ಓಡುತ್ತಿರಬಹುದು (ಹಂತ 6 ನೋಡಿ).

ಫೈಲ್ ನಿಜಕ್ಕೂ ಇಲ್ಲವೇ ಎಂದು ತಿಳಿಯಲು ಟೆಕ್ ಲೈವ್‌ನಲ್ಲೂ ಮಿಕ್‌ಟೆಕ್‌ನಲ್ಲೂ ಒಂದು ಆದೇಶವಿದೆ. ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ:

ಕೆಪಿಎಸ್‌ಇವಿಚ್ ಎಸ್‌ಐಯೂನಿಟ್‌ಎಕ್ಸ್.ಎಸ್‌ಟಿವೈ

(ಕೆ, ಪಿ, ಎಸ್, ಇ ಎಂಬ ನಾಲ್ಕು ಅಕ್ಷರ, ಜಾಗ ಬಿಡದೆ ವಿಚ್.) ಫೈಲ್ ಇದ್ದರೆ ಅದರ ಪೂರ್ತಿ ವಿಳಾಸ ಬರುತ್ತದೆ. ಇಲ್ಲದಿದ್ದರೆ ಏನೂ ಬರುವುದಿಲ್ಲ, ಖಾಲಿ ಸಾಲು.

ಹಂತ 3: ವಿತರಣೆಯ ಮೂಲಕವೇ ಹಾಕಿಕೊಳ್ಳಿ

ಸಿಟಾನ್‌ನಲ್ಲಿರುವ ಬಹುಪಾಲು ಪ್ಯಾಕೇಜ್‌ಗಳು ವಿತರಣೆಗಳಲ್ಲಿ ಈಗಾಗಲೇ ಇವೆ. ಕೈಯಿಂದ ಇಳಿಸುವುದು ಕೊನೆಯ ದಾರಿ.

*ಟೆಕ್ ಲೈವ್, ಮ್ಯಾಕ್‌ಟೆಕ್.* ಇಲ್ಲಿನ ವ್ಯವಸ್ಥಾಪಕ ಟಿಎಲ್‌ಎಂಜಿಆರ್. ಐದು ಅಕ್ಷರ, ಒಂದೇ ಪದ:

ಟಿಎಲ್‌ಎಂಜಿಆರ್ ಇನ್‌ಸ್ಟಾಲ್ ಎಸ್‌ಐಯೂನಿಟ್‌ಎಕ್ಸ್

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಟೆಕ್ ಲೈವ್ ಇಡೀ ಕಂಪ್ಯೂಟರ್‌ಗೆ ಸೇರಿದ ಜಾಗದಲ್ಲಿದ್ದರೆ ಆದೇಶಕ್ಕಿಂತ ಮೊದಲು ಸುಡೋ (ಆಡಳಿತಗಾರರ ಅಧಿಕಾರದಿಂದ ಓಡಿಸುವ ಪದ) ಸೇರಿಸಬೇಕು. ನೀವು ಪೂರ್ತಿ ಟೆಕ್ ಲೈವ್ ಹಾಕಿಕೊಂಡಿದ್ದರೆ (7-8 ಜಿಬಿ ಜಾಗ ಬೇಡುತ್ತದೆ) ಈ ಹಂತದ ಅಗತ್ಯವೇ ಬರುವುದಿಲ್ಲ. ಜಾಗ ಇದ್ದವರಿಗೆ ನನ್ನ ಸಲಹೆ ಅದೇ: ಪೂರ್ತಿ ಹಾಕಿಕೊಂಡು ನಿಶ್ಚಿಂತೆಯಾಗಿರಿ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ದಾಖಲೆಯಲ್ಲಿ ಕರೆಯುವ ಹೆಸರೂ ಭಂಡಾರದಲ್ಲಿರುವ ಹೆಸರೂ ಯಾವಾಗಲೂ ಒಂದೇ ಅಲ್ಲ. ಚಿತ್ರ ಬರೆಯಲು ಟಿಕ್‌ಝಡ್ ಎಂದು ಕರೆಯುತ್ತೇವೆ, ಆದರೆ ಆ ಫೈಲ್ ಇರುವುದು ಪಿಜಿಎಫ್ ಎಂಬ ಪ್ಯಾಕೇಜ್‌ನಲ್ಲಿ. ಗಣಿತ ಚಿಹ್ನೆಗಳ ಎಎಂಎಸ್‌ಸಿಂಬ್ ಇರುವುದು ಎಎಂಎಸ್‌ಫಾಂಟ್ಸ್‌ನಲ್ಲಿ. ಲಾಂಗ್‌ಟೇಬಲ್, ಟ್ಯಾಬ್ಯುಲರ್‌ಎಕ್ಸ್ ಎರಡೂ ಟೂಲ್ಸ್ ಎಂಬ ಕಟ್ಟಿನಲ್ಲಿವೆ. ಸಬ್‌ಕ್ಯಾಪ್ಷನ್ ಬರುವುದು ಕ್ಯಾಪ್ಷನ್ ಜೊತೆ. "ಅಂಥ ಪ್ಯಾಕೇಜ್ ಇಲ್ಲ" ಎಂಬ ಉತ್ತರ ಬಂದರೆ ಕೈಬಿಡಬೇಡಿ, ಫೈಲ್ ಹೆಸರಿನಿಂದ ಹುಡುಕಿ:

ಟಿಎಲ್‌ಎಂಜಿಆರ್ ಸರ್ಚ್ --ಗ್ಲೋಬಲ್ --ಫೈಲ್ ಟಿಕ್‌ಝಡ್.ಎಸ್‌ಟಿವೈ

ಆ ಫೈಲ್ ಯಾವ ಪ್ಯಾಕೇಜ್‌ಗೆ ಸೇರಿದ್ದೆಂದು ಹೇಳುತ್ತದೆ. ಆ ಹೆಸರಿನಲ್ಲಿ ಇನ್‌ಸ್ಟಾಲ್ ಮಾಡಿ.

ಇನ್ನೊಂದು ತಡೆ ಇಸವಿಯದ್ದು. ಟೆಕ್ ಲೈವ್ ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ. ಹೊಸದು ಬಂದ ಮೇಲೆ ಹಳೆಯ ವರ್ಷದ ಭಂಡಾರಕ್ಕೆ ಏನೂ ಸೇರುವುದಿಲ್ಲ. ಆಗ ಟಿಎಲ್‌ಎಂಜಿಆರ್, ನಿಮ್ಮ ಟೆಕ್ ಲೈವ್ ದೂರದ ಭಂಡಾರಕ್ಕಿಂತ ಹಳೆಯದು ಎಂದು ಹೇಳಿ ನಿಂತುಬಿಡುತ್ತದೆ. ಪರಿಹಾರ ಎರಡು. ಸಮಯವಿದ್ದರೆ ಹೊಸ ವರ್ಷದ್ದನ್ನು ಪಕ್ಕದಲ್ಲೇ ಹಾಕಿಕೊಳ್ಳಿ. ಪ್ರತಿ ವರ್ಷದ್ದೂ ಬೇರೆ ಫೋಲ್ಡರ್ ಆದ್ದರಿಂದ ಹಳೆಯದು ಹಾಳಾಗುವುದಿಲ್ಲ. ಸಲ್ಲಿಕೆ ಹತ್ತಿರವಿದ್ದರೆ ಟಿಎಲ್‌ಎಂಜಿಆರ್‌ಗೆ ಆ ಹಳೆಯ ವರ್ಷದ ಸಂಗ್ರಹಾಗಾರದ ವಿಳಾಸ ಕೊಟ್ಟು ಬೇಕಾದದ್ದನ್ನು ಮಾತ್ರ ತರಿಸಿ. ಸಲ್ಲಿಕೆಯ ವಾರದಲ್ಲಿ ಇಡೀ ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಲು ಹೋಗಲೇಬೇಡಿ.

*ಡೆಬಿಯನ್, ಉಬುಂಟು.* ಇಲ್ಲಿ ಟೆಕ್ ಲೈವ್ ಅನ್ನು ದೊಡ್ಡ ತುಂಡುಗಳಾಗಿ ಮಾಡಿ ಕೊಡುತ್ತಾರೆ, ಅವನ್ನು ಎಪಿಟಿ (ಈ ಲಿನಕ್ಸ್‌ಗಳ ತಂತ್ರಾಂಶ ವ್ಯವಸ್ಥಾಪಕ) ಮೂಲಕ ತರಿಸಬೇಕು. ವಿಜ್ಞಾನದವರಿಗೆ ಮುಖ್ಯವಾಗಿ ಬೇಕಾಗುವವು ಟೆಕ್‌ಲೈವ್-ಸೈನ್ಸ್, ಟೆಕ್‌ಲೈವ್-ಲೇಟೆಕ್-ಎಕ್ಸ್‌ಟ್ರಾ, ಪತ್ರಿಕೆಗಳ ಕ್ಲಾಸ್‌ಗಳಿರುವ ಟೆಕ್‌ಲೈವ್-ಪಬ್ಲಿಷರ್ಸ್, ಉಲ್ಲೇಖಪಟ್ಟಿಗೆ ಟೆಕ್‌ಲೈವ್-ಬಿಬ್‌ಟೆಕ್-ಎಕ್ಸ್‌ಟ್ರಾ ಮತ್ತು ಬೈಬರ್. ಎಪಿಟಿಯಿಂದ ಬಂದ ಟೆಕ್ ಲೈವ್ ಮೇಲೆ ಟಿಎಲ್‌ಎಂಜಿಆರ್ ಓಡಿಸಿ ಎರಡನ್ನೂ ಬೆರೆಸಬೇಡಿ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ.

*ಮಿಕ್‌ಟೆಕ್.* ಇದು ಸುಲಭ. ಇಲ್ಲದ ಪ್ಯಾಕೇಜ್ ಎದುರಾದಾಗ ಅದೇ ಕೇಳಿ ತರಿಸಿಕೊಳ್ಳುತ್ತದೆ. ಕೇಳದೆ ನಿಂತರೆ ಮಿಕ್‌ಟೆಕ್ ಕನ್ಸೋಲ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆಯನ್ನು ನೋಡಿ. ಒಂದೇ ಎಚ್ಚರಿಕೆ: ಕನ್ಸೋಲ್‌ಗೆ ಎರಡು ಮುಖ, ಆಡಳಿತಗಾರರದ್ದು ಮತ್ತು ಬಳಕೆದಾರರದ್ದು. ಎಲ್ಲರಿಗಾಗಿ ಇನ್‌ಸ್ಟಾಲ್ ಮಾಡಿದ್ದರೆ ಎರಡರಲ್ಲೂ ಅಪ್‌ಡೇಟ್ ಮಾಡಬೇಕು. ಒಂದರಲ್ಲಿ ಮಾತ್ರ ಮಾಡಿ ಬಿಟ್ಟರೆ ಅರ್ಧ ಹಳೆಯದು ಅರ್ಧ ಹೊಸದಾಗಿ, ಅರ್ಥವೇ ಆಗದ ಎರರ್‌ಗಳು ಬರುತ್ತವೆ.

*ಓವರ್‌ಲೀಫ್.* ಜಾಲದಲ್ಲೇ ಬರೆಯುವವರಿಗೆ ಹೆಚ್ಚುಕಡಿಮೆ ಪೂರ್ತಿ ಟೆಕ್ ಲೈವ್ ಸಿದ್ಧವಾಗಿಯೇ ಇರುತ್ತದೆ. ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್‌ನಲ್ಲಿ ಯಾವ ವರ್ಷದ್ದು ಆಯ್ಕೆಯಾಗಿದೆ ಎಂದು ನೋಡಿಕೊಂಡರೆ ಸಾಕು.

ಹಂತ 4: ಸಣ್ಣ ಫೈಲ್‌ನಲ್ಲಿ ಪರೀಕ್ಷಿಸಿ

ಇನ್ನೂರು ಪುಟದ ಪ್ರಬಂಧವನ್ನು ಮತ್ತೆ ಕಂಪೈಲ್ ಮಾಡುವ ಮೊದಲು ನಾಲ್ಕೈದು ಸಾಲಿನ ಹೊಸ ಫೈಲ್ ಬರೆಯಿರಿ: ಆರ್ಟಿಕಲ್ ಕ್ಲಾಸ್, ಹೊಸ ಪ್ಯಾಕೇಜ್‌ನ ಕರೆ, ಅದರ ಒಂದು ಆದೇಶ, ಅಷ್ಟೇ. ಅದು ಓಡಿ ಪ್ರಬಂಧ ಓಡದಿದ್ದರೆ ಜಗಳ ಇರುವುದು ಪ್ಯಾಕೇಜ್‌ಗಳ ನಡುವೆ ಎಂದು ತಿಳಿಯುತ್ತದೆ. ಪ್ಯಾಕೇಜ್‌ನ ಕೈಪಿಡಿ ಬೇಕೇ? ಟೆಕ್ಸ್‌ಡಾಕ್ ಎಂದು ಬರೆದು ಮುಂದೆ ಪ್ಯಾಕೇಜ್ ಹೆಸರು ಕೊಡಿ, ನಿಮ್ಮ ಆವೃತ್ತಿಯ ಕೈಪಿಡಿಯೇ ತೆರೆಯುತ್ತದೆ. ಜಾಲದಲ್ಲಿ ಸಿಗುವುದು ಬೇರೆ ಆವೃತ್ತಿಯದ್ದಾಗಿರಬಹುದು.

ಹಂತ 5: ವಿತರಣೆಯಲ್ಲಿ ಇಲ್ಲದ್ದಕ್ಕೆ ಸರಿಯಾದ ಮನೆ

ಪತ್ರಿಕೆ ಕಳಿಸಿದ ಕ್ಲಾಸ್, ಮಾರ್ಗದರ್ಶಕರು ಕೊಟ್ಟ ಪ್ರಬಂಧದ ಅಚ್ಚು, ನೀವೇ ಬರೆದುಕೊಂಡ ಆದೇಶಗಳು ಸಾಮಾನ್ಯವಾಗಿ ಭಂಡಾರದಲ್ಲಿ ಸಿಗುವುದಿಲ್ಲ. ಇವನ್ನು ಎಲ್ಲಿಡಬೇಕು ಎನ್ನಲು ಟೆಕ್ ಫೈಲ್‌ಗಳನ್ನು ಹುಡುಕುವ ಕ್ರಮ ಗೊತ್ತಿರಬೇಕು. ಟೆಕ್ ಲೈವ್‌ನಲ್ಲಿ ಮೊದಲು ಈಗಿರುವ ಫೋಲ್ಡರ್. ಆಮೇಲೆ ನಿಮ್ಮ ಸ್ವಂತ ಮರ, ಆಮೇಲೆ ಕಂಪ್ಯೂಟರ್‌ನ ಎಲ್ಲ ಬಳಕೆದಾರರಿಗೂ ಸೇರಿದ ಸ್ಥಳೀಯ ಮರ, ಕೊನೆಗೆ ವಿತರಣೆಯ ಮರ. ಮರ ಎಂದರೆ ನಿಗದಿತ ವಿನ್ಯಾಸದ ಫೋಲ್ಡರ್‌ಗಳ ಗುಂಪು. ಮೊದಲು ಎಲ್ಲಿ ಸಿಗುತ್ತದೋ ಅದನ್ನೇ ಎತ್ತಿಕೊಳ್ಳುತ್ತದೆ, ಹೊಸದೋ ಹಳೆಯದೋ ಎಂದು ನೋಡುವುದಿಲ್ಲ.

ನಿಮ್ಮ ಸ್ವಂತ ಮರ ಎಲ್ಲಿದೆ ಎಂದು ಕೇಳಲು:

ಕೆಪಿಎಸ್‌ಇವಿಚ್ -ವಾರ್-ವ್ಯಾಲ್ಯೂ ಟೆಕ್ಸ್‌ಎಂಎಫ್‌ಹೋಮ್

(ಕೊನೆಯ ಪದ ಮಾತ್ರ ದೊಡ್ಡಕ್ಷರಗಳಲ್ಲಿ.) ಲಿನಕ್ಸ್ ಮತ್ತು ವಿಂಡೋಸ್‌ನಲ್ಲಿ ಅದು ನಿಮ್ಮ ಹೋಮ್ ಫೋಲ್ಡರ್‌ನೊಳಗಿನ ಟೆಕ್ಸ್‌ಎಂಎಫ್, ಮ್ಯಾಕ್‌ನಲ್ಲಿ ಲೈಬ್ರರಿಯೊಳಗಿನ ಟೆಕ್ಸ್‌ಎಂಎಫ್. ಆ ಫೋಲ್ಡರ್ ಇನ್ನೂ ಇಲ್ಲದೇ ಇರಬಹುದು, ನೀವೇ ಮಾಡಿಕೊಳ್ಳಿ. ಒಳಗೆ ಹೀಗಿರಲಿ:

ಟೆಕ್ಸ್‌ಎಂಎಫ್ / ಟೆಕ್ / ಲೇಟೆಕ್ / ಪ್ಯಾಕೇಜ್ ಹೆಸರು: ಇಲ್ಲಿ .ಎಸ್‌ಟಿವೈ, .ಸಿಎಲ್‌ಎಸ್
ಟೆಕ್ಸ್‌ಎಂಎಫ್ / ಬಿಬ್‌ಟೆಕ್ / ಬಿಎಸ್‌ಟಿ: ಇಲ್ಲಿ ಉಲ್ಲೇಖಪಟ್ಟಿಯ ಶೈಲಿಗಳು
ಟೆಕ್ಸ್‌ಎಂಎಫ್ / ಬಿಬ್‌ಟೆಕ್ / ಬಿಬ್: ಇಲ್ಲಿ ನಿಮ್ಮ ಉಲ್ಲೇಖಗಳ ಸಂಗ್ರಹ

ಈ ಹೆಸರುಗಳು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಎಲ್ಲ ವಿತರಣೆಗಳೂ ಒಪ್ಪಿಕೊಂಡ ಒಂದೇ ವಿನ್ಯಾಸ. .ಎಸ್‌ಟಿವೈ ಅನ್ನು ನೇರವಾಗಿ ಟೆಕ್ಸ್‌ಎಂಎಫ್ ಬಾಯಲ್ಲಿ ಹಾಕಿ "ಸಿಗುತ್ತಿಲ್ಲ" ಎನ್ನುವವರು ಬಹಳ ಮಂದಿ. ಒಳಗಿನ ಟೆಕ್, ಅದರೊಳಗಿನ ಲೇಟೆಕ್ ಬಿಟ್ಟುಹೋಗಬಾರದು.

ಸ್ವಂತ ಮರದಲ್ಲಿ ಹಾಕಿದ್ದು ಕೂಡಲೇ ಸಿಗುತ್ತದೆ. ಎಲ್ಲ ಬಳಕೆದಾರರ ಸ್ಥಳೀಯ ಮರದಲ್ಲಿ ಹಾಕಿದರೆ ಮಾತ್ರ ಟೆಕ್ಸ್‌ಹ್ಯಾಶ್ ಎಂಬ ಆದೇಶ ಓಡಿಸಬೇಕು, ಏಕೆಂದರೆ ಅಲ್ಲಿ ಟೆಕ್ ಡಿಸ್ಕ್ ಹುಡುಕುವುದಿಲ್ಲ, ಮೊದಲೇ ಬರೆದಿಟ್ಟ ಫೈಲ್‌ಪಟ್ಟಿಯನ್ನು ನೋಡುತ್ತದೆ. ಮಿಕ್‌ಟೆಕ್ ಬಳಸುವವರು ಇದೇ ವಿನ್ಯಾಸದ ಫೋಲ್ಡರ್ ಮಾಡಿ, ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಡೈರೆಕ್ಟರೀಸ್‌ಗೆ ಸೇರಿಸಿ, ಫೈಲ್ ಹೆಸರುಗಳ ಪಟ್ಟಿಯನ್ನು ರಿಫ್ರೆಶ್ ಮಾಡಬೇಕು.

ಇಳಿಸಿದ ಕಟ್ಟಿನಲ್ಲಿ .ಎಸ್‌ಟಿವೈ ಕಾಣದೆ .ಡಿಟಿಎಕ್ಸ್ ಮತ್ತು .ಐಎನ್‌ಎಸ್ ಮಾತ್ರ ಇದ್ದರೆ ಗಾಬರಿ ಬೇಡ. ಲೇಖಕರು ಕೋಡ್ ಮತ್ತು ಕೈಪಿಡಿ ಎರಡನ್ನೂ .ಡಿಟಿಎಕ್ಸ್‌ನಲ್ಲಿ ಒಟ್ಟಿಗೆ ಇಟ್ಟಿರುತ್ತಾರೆ. .ಐಎನ್‌ಎಸ್ ಫೈಲ್ ಅನ್ನು ಲೇಟೆಕ್‌ನಲ್ಲಿ ಓಡಿಸಿದರೆ .ಎಸ್‌ಟಿವೈ ಹೊರಬರುತ್ತದೆ. ಸಿಟಾನ್‌ನ ಕೆಲವು ಪ್ಯಾಕೇಜ್‌ಗಳಿಗೆ ಹೆಸರಿನಲ್ಲಿ ಟಿಡಿಎಸ್ ಎಂದಿರುವ ಜಿಪ್ ಸಿಗುತ್ತದೆ. ಅದನ್ನು ಟೆಕ್ಸ್‌ಎಂಎಫ್ ಒಳಗೆ ಹಾಗೇ ಬಿಚ್ಚಿದರೆ ಎಲ್ಲವೂ ಅದರದರ ಜಾಗಕ್ಕೆ ಹೋಗಿ ಕೂರುತ್ತದೆ.

ಇಳಿಸಿದ ಫೈಲ್ ಅನ್ನು ಒಮ್ಮೆ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿ. ಕೋಡ್ ಬದಲು ಇಡೀ ಜಾಲಪುಟವೇ ಸೇವ್ ಆಗಿರುವುದುಂಟು. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಮುಚ್ಚಿಡುವುದರಿಂದ ನಿಮಗೆ .ಎಸ್‌ಟಿವೈ ಎಂದು ಕಾಣುವುದು ನಿಜದಲ್ಲಿ .ಎಸ್‌ಟಿವೈ.ಟಿಎಕ್ಸ್‌ಟಿ ಆಗಿರಬಹುದು. ಬಾಲ ತೋರಿಸುವ ಆಯ್ಕೆಯನ್ನು ಆನ್ ಮಾಡಿಕೊಳ್ಳಿ.

ಹಂತ 6: ನೆರಳು ಬಿದ್ದಿದೆಯೇ ನೋಡಿ

ಒಬ್ಬ ಸಂಶೋಧನಾ ವಿದ್ಯಾರ್ಥಿಯ ಕಂಪ್ಯೂಟರ್‌ನಲ್ಲಿ ಕಂಡದ್ದನ್ನು ಹೇಳುತ್ತೇನೆ, ಯಾಕೆಂದರೆ ಮೇಲಿನ ಹುಡುಕುವ ಕ್ರಮ ಏಕೆ ಮುಖ್ಯ ಎಂದು ಇದರಲ್ಲಿ ಕಣ್ಣಿಗೆ ಕಾಣುತ್ತದೆ. ಅಳತೆ ಮತ್ತು ಮಾನಗಳನ್ನು ಸರಿಯಾಗಿ ಬರೆಯುವ ಎಸ್‌ಐಯೂನಿಟ್‌ಎಕ್ಸ್ 2021ರಲ್ಲಿ ಮೂರನೇ ಆವೃತ್ತಿಗೆ ಬಂತು. ಹಳೆಯ ಎಸ್‌ಐ ಆದೇಶದ ಜಾಗದಲ್ಲಿ ಕ್ಯೂಟಿವೈ ಎಂಬ ಹೊಸ ಆದೇಶ ಬಂತು. ಆತ ಹೊಸ ಕೈಪಿಡಿ ನೋಡಿ ಕ್ಯೂಟಿವೈ ಬರೆದಿದ್ದ. ಟೆಕ್ ಲೈವ್ ಹೊಸದು, ಅಪ್‌ಡೇಟ್ ಆಗಿತ್ತು. ಆದರೂ "ಅನ್‌ಡಿಫೈನ್ಡ್ ಕಂಟ್ರೋಲ್ ಸೀಕ್ವೆನ್ಸ್". ಎರಡು ಸಲ ಎಲ್ಲವನ್ನೂ ತೆಗೆದು ಮತ್ತೆ ಹಾಕಿದ್ದನಂತೆ. ಈ ಆದೇಶ ಓಡಿಸಿದೆವು:

ಕೆಪಿಎಸ್‌ಇವಿಚ್ -ಆಲ್ ಎಸ್‌ಐಯೂನಿಟ್‌ಎಕ್ಸ್.ಎಸ್‌ಟಿವೈ

ಎರಡು ಸಾಲು ಬಂತು. ಮೊದಲನೆಯದು ಅವನ ಹೋಮ್‌ನ ಟೆಕ್ಸ್‌ಎಂಎಫ್, ಎರಡನೆಯದು ವಿತರಣೆಯದ್ದು. ಎಂದೋ ಕೈಯಿಂದ ಇಳಿಸಿಟ್ಟ ಎರಡನೇ ಆವೃತ್ತಿ ಸ್ವಂತ ಮರದಲ್ಲಿ ಕೂತು ಹೊಸದರ ಮೇಲೆ ನೆರಳು ಹಾಕಿತ್ತು. ಟೆಕ್ ಲೈವ್ ಅನ್ನು ಎಷ್ಟು ಸಲ ಮತ್ತೆ ಹಾಕಿದರೂ ಸ್ವಂತ ಮರ ಅಲುಗುವುದಿಲ್ಲ. ಆ ಒಂದು ಫೋಲ್ಡರ್ ತೆಗೆದ ಕೂಡಲೇ ಪ್ರಬಂಧ ಓಡಿತು.

ಹಳೆಯ ಆವೃತ್ತಿಯೇ ಬೇಕೆನ್ನುವ ಸಂದರ್ಭವೂ ಇರುತ್ತದೆ. ಆಗಲೂ ಹಳೆಯ ಫೈಲ್ ತಂದಿಡುವ ಅಗತ್ಯವಿಲ್ಲ. ಎಸ್‌ಐಯೂನಿಟ್‌ಎಕ್ಸ್‌ನಂಥ ಕೆಲವು ಪ್ಯಾಕೇಜ್‌ಗಳು ಹಿಂದಿನ ಆವೃತ್ತಿಯನ್ನೂ ಜೊತೆಗೆ ಕೊಡುತ್ತವೆ. ಯೂಸ್‌ಪ್ಯಾಕೇಜ್ ಸಾಲಿನ ಕೊನೆಗೆ, ಹೆಸರಿನ ಆವರಣ ಮುಗಿದ ಮೇಲೆ, ಚೌಕ ಆವರಣದಲ್ಲಿ [=ವಿ2] ಎಂದು ಸೇರಿಸಿದರೆ ಅದು ಓಡುತ್ತದೆ.

ಹಂತ 7: ಕರೆಯುವ ಕ್ರಮ

ಪ್ಯಾಕೇಜ್‌ಗಳು ಒಂದರ ಆದೇಶವನ್ನು ಇನ್ನೊಂದು ತಿದ್ದುವುದರಿಂದ ಮೊದಲು ಯಾವುದು ಆಮೇಲೆ ಯಾವುದು ಎಂಬುದು ಮುಖ್ಯ. ಕೊಂಡಿಗಳ ಹೈಪರ್‌ರೆಫ್ ಅನ್ನು ಬಹುಮಟ್ಟಿಗೆ ಕೊನೆಯಲ್ಲಿ ಕರೆಯಿರಿ, ಕ್ಲೆವರ್‌ರೆಫ್ ಅನ್ನು ಅದರ ನಂತರ. ಮ್ಯಾಥ್‌ಟೂಲ್ಸ್ ತಾನೇ ಎಎಂಎಸ್‌ಮ್ಯಾಥ್ ಕರೆಯುತ್ತದೆ, ನೀವು ಮತ್ತೆ ಕರೆಯಬೇಕಿಲ್ಲ.

"ಆಪ್ಷನ್ ಕ್ಲ್ಯಾಶ್" ಎಂದು ಬಂದರೆ ಒಂದೇ ಪ್ಯಾಕೇಜ್ ಎರಡು ಸಲ ಬೇರೆ ಬೇರೆ ಆಯ್ಕೆಗಳೊಂದಿಗೆ ಕರೆಯಲ್ಪಟ್ಟಿದೆ ಎಂದರ್ಥ. ಬಣ್ಣದ ಎಕ್ಸ್‌ಕಲರ್‌ನಲ್ಲಿ ಇದು ಸಾಮಾನ್ಯ, ಏಕೆಂದರೆ ಟಿಕ್‌ಝಡ್ ಸದ್ದಿಲ್ಲದೆ ಅದನ್ನು ಮೊದಲೇ ಕರೆದಿರುತ್ತದೆ. ನಿಮ್ಮ ಆಯ್ಕೆಯಿರುವ ಎಕ್ಸ್‌ಕಲರ್ ಸಾಲನ್ನು ಟಿಕ್‌ಝಡ್‌ಗಿಂತ ಮೇಲೆ ತನ್ನಿ. ಕ್ಲಾಸ್ ಫೈಲೇ ಕರೆಯುತ್ತಿದ್ದರೆ, ಡಾಕ್ಯುಮೆಂಟ್‌ಕ್ಲಾಸ್ ಸಾಲಿಗಿಂತ ಮೊದಲು ಪಾಸ್‌ಆಪ್ಷನ್ಸ್‌ಟುಪ್ಯಾಕೇಜ್ ಆದೇಶದಿಂದ ಆಯ್ಕೆಯನ್ನು ದಾಟಿಸಿ.

ಸದ್ದಿಲ್ಲದ ಜಗಳಗಳಿಗೆ ಹೆಚ್ಚು ಹೆದರಬೇಕು. ಫಿಸಿಕ್ಸ್ ಎಂಬ ಪ್ಯಾಕೇಜ್‌ನಲ್ಲೂ ಕ್ಯೂಟಿವೈ ಎಂಬ ಆದೇಶವಿದೆ, ಆದರೆ ಅದು ಆವರಣಗಳ ಗಾತ್ರಕ್ಕೆ ಸಂಬಂಧಿಸಿದ್ದು. ಎರಡನ್ನೂ ಕರೆದರೆ ಎಸ್‌ಐಯೂನಿಟ್‌ಎಕ್ಸ್ ತನ್ನ ಕ್ಯೂಟಿವೈಯನ್ನು ಬಿಟ್ಟುಕೊಟ್ಟು ಲಾಗ್‌ನಲ್ಲಿ (ಕಂಪೈಲ್ ಮಾಡಿದಾಗ ಉಳಿಯುವ ವರದಿ ಫೈಲ್) ಒಂದು ಎಚ್ಚರಿಕೆ ಬರೆಯುತ್ತದೆ. ಲಾಗ್ ಓದದವರಿಗೆ ಅಳತೆಗಳು ಏಕೆ ಕೆಟ್ಟವು ಎಂದು ತಿಳಿಯುವುದೇ ಇಲ್ಲ. ವಾರ್ನಿಂಗ್ ಎಂಬ ಪದವನ್ನು ಲಾಗ್‌ನಲ್ಲಿ ಹುಡುಕುವ ಅಭ್ಯಾಸ ಇಟ್ಟುಕೊಳ್ಳಿ.

ಕನ್ನಡವನ್ನೂ ಸೇರಿಸಿ ಬರೆಯುವವರಿಗೆ ಒಂದು ಮಾತು. ಫಾಂಟ್ ಆರಿಸುವ ಪ್ಯಾಕೇಜ್ ಫಾಂಟ್‌ಸ್ಪೆಕ್ ಎರರ್ ಕೊಟ್ಟರೆ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಅದು ಪಿಡಿಎಫ್‌ಲೇಟೆಕ್‌ನಲ್ಲಿ ಓಡುವುದಿಲ್ಲ. ಅದರ ಬದಲು ಝೀಲೇಟೆಕ್ (ಟೈಪ್ ಮಾಡುವಾಗ ಎಕ್ಸ್, ಇ, ಜಾಗ ಬಿಡದೆ ಲೇಟೆಕ್) ಅಥವಾ ಲುವಾಲೇಟೆಕ್‌ನಿಂದ ಕಂಪೈಲ್ ಮಾಡಿ. ಲುವಾಲೇಟೆಕ್‌ನಲ್ಲಾದರೆ ಫಾಂಟ್‌ನ ಆಯ್ಕೆಗಳಲ್ಲಿ ರೆಂಡರರ್ ಹಾರ್ಫ್‌ಬಝ್ ಎಂದು ಕೊಡಿ, ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ.

ಹಂತ 8: ನಿಮ್ಮದೇ ಆದೇಶಗಳನ್ನು ಒಂದೆಡೆ ಇಡಿ

ಪ್ರತಿ ಲೇಖನದ ತಲೆಯಲ್ಲಿ ಅದೇ ಐವತ್ತು ಸಾಲು ನಕಲು ಮಾಡುತ್ತಿದ್ದೀರಾದರೆ ಅವನ್ನು ಒಂದು .ಎಸ್‌ಟಿವೈ ಮಾಡಿ ಸ್ವಂತ ಮರದಲ್ಲಿಡಿ. ಮೊದಲ ಸಾಲಿನಲ್ಲಿ ಪ್ರೊವೈಡ್ಸ್‌ಪ್ಯಾಕೇಜ್ ಆದೇಶದೊಳಗೆ ಹೆಸರು ಮತ್ತು ದಿನಾಂಕ (ವರ್ಷ/ತಿಂಗಳು/ದಿನ, ಉದಾಹರಣೆಗೆ 2025/01/15). ಹೆಸರು ಫೈಲ್ ಹೆಸರಿನೊಂದಿಗೆ ಹೊಂದಬೇಕು. ಒಳಗೆ ಬೇರೆ ಪ್ಯಾಕೇಜ್‌ಗಳನ್ನು ಯೂಸ್‌ಪ್ಯಾಕೇಜ್ ಬದಲು ರಿಕ್ವೈರ್‌ಪ್ಯಾಕೇಜ್‌ನಿಂದ ಕರೆಯಿರಿ. ಮ್ಯಾಕ್ರೋಸ್, ಸ್ಟೈಲ್ ಎಂಬಂಥ ಸಾಮಾನ್ಯ ಹೆಸರು ಬೇಡ, ನಿಮ್ಮ ಹೆಸರಿನ ಮೊದಲಕ್ಷರಗಳನ್ನು ಮುಂದೆ ಸೇರಿಸಿ.

ಸ್ವಂತ ಮರವನ್ನು ಇಡಿಯಾಗಿ ಗಿಟ್‌ನಲ್ಲಿ (ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಇಟ್ಟುಕೊಳ್ಳುವುದು ನನಗೆ ಬಹಳ ಉಪಯೋಗಕ್ಕೆ ಬಂದ ಅಭ್ಯಾಸ. ಹೊಸ ಕಂಪ್ಯೂಟರ್‌ನಲ್ಲಿ ಒಂದು ಆದೇಶದಿಂದ ಎಲ್ಲವೂ ಬರುತ್ತದೆ, ಯಾವ ಫೈಲ್ ಏಕೆ ಬಂತು ಎಂಬ ಟಿಪ್ಪಣಿಯೂ ಉಳಿಯುತ್ತದೆ. ಫೋಲ್ಡರ್ ಹೆಸರುಗಳಲ್ಲಿ ಖಾಲಿ ಜಾಗ ಬೇಡ.

ಹಂತ 9: ಅಪ್‌ಡೇಟ್ ಮತ್ತು ಹಂಚಿಕೆ

ಟೆಕ್ ಲೈವ್‌ನಲ್ಲಿ ಅಪ್‌ಡೇಟ್‌ಗೆ:

ಟಿಎಲ್‌ಎಂಜಿಆರ್ ಅಪ್‌ಡೇಟ್ --ಸೆಲ್ಫ್ --ಆಲ್

ಆಮೇಲೆ ನಿಮ್ಮ ಪ್ರಬಂಧದ ಫೋಲ್ಡರ್‌ನಲ್ಲಿರುವ .ಎಯುಎಕ್ಸ್ ಮುಂತಾದ ಸಹಾಯಕ ಫೈಲ್‌ಗಳನ್ನು ಅಳಿಸಿ ಕಂಪೈಲ್ ಮಾಡಿ. ಹಳೆಯ ಆವೃತ್ತಿ ಬರೆದಿಟ್ಟದ್ದನ್ನು ಹೊಸದು ಓದಲು ಹೋಗಿ ಮುಗ್ಗರಿಸುವುದುಂಟು. ಉಲ್ಲೇಖಪಟ್ಟಿಗೆ ಬಿಬ್‌ಲೇಟೆಕ್ ಪ್ಯಾಕೇಜ್ ಬಳಸುವವರು ಬೈಬರ್ ಕೂಡ ಜೊತೆಗೇ ಅಪ್‌ಡೇಟ್ ಆಗಿದೆಯೇ ನೋಡಿ; ಇವೆರಡರ ಆವೃತ್ತಿ ಹೊಂದದಿದ್ದರೆ ಉಲ್ಲೇಖಪಟ್ಟಿ ಬರುವುದಿಲ್ಲ.

ಪ್ರಬಂಧ ಮುಗಿಯುವ ಹೊತ್ತಿಗೆ ದಾಖಲೆಯ ಮೊದಲ ಸಾಲಿನಲ್ಲಿ ಲಿಸ್ಟ್‌ಫೈಲ್ಸ್ ಎಂಬ ಆದೇಶ ಸೇರಿಸಿ ಒಮ್ಮೆ ಕಂಪೈಲ್ ಮಾಡಿ. ಬಳಕೆಯಾದ ಪ್ಯಾಕೇಜ್‌ಗಳ ಹೆಸರು, ದಿನಾಂಕ, ಆವೃತ್ತಿಗಳ ಪಟ್ಟಿ ಲಾಗ್‌ನ ಕೊನೆಯಲ್ಲಿ ಬರುತ್ತದೆ. ಅದನ್ನು ಪ್ರತ್ಯೇಕ ಫೈಲ್‌ನಲ್ಲಿ ಉಳಿಸಿಡಿ. ಸಹಲೇಖಕರಿಗೋ ಪತ್ರಿಕೆಗೋ ಆರ್ಕೈವ್‌ನಂಥ ಮುದ್ರಣಪೂರ್ವ ಭಂಡಾರಕ್ಕೋ ಕಳಿಸುವಾಗ ಮಾತ್ರ ಸ್ವಂತ ಮರದಲ್ಲಿರುವ ನಿಮ್ಮ .ಎಸ್‌ಟಿವೈ ಮತ್ತು .ಬಿಎಸ್‌ಟಿಗಳ ನಕಲನ್ನು ಕಳಿಸುವ ಫೋಲ್ಡರ್‌ಗೆ ಹಾಕಬೇಕು, ಏಕೆಂದರೆ ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಮರ ಇಲ್ಲ. ವಿತರಣೆಯ ಪ್ಯಾಕೇಜ್‌ಗಳನ್ನು ಸೇರಿಸಬೇಡಿ. ಕಳಿಸುವ ಮುನ್ನ ನಿಮ್ಮ ಟೆಕ್ಸ್‌ಎಂಎಫ್ ಫೋಲ್ಡರ್‌ನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ, ಕಳಿಸುವ ಫೋಲ್ಡರ್‌ನಲ್ಲೇ ಒಮ್ಮೆ ಕಂಪೈಲ್ ಮಾಡಿ ನೋಡಿ. ಏನಾದರೂ ಬಿಟ್ಟುಹೋಗಿದ್ದರೆ ಆಗಲೇ ಗೊತ್ತಾಗುತ್ತದೆ. ನೋಡಿದ ಮೇಲೆ ಹೆಸರನ್ನು ಮೊದಲಿನಂತೆ ಮಾಡಲು ಮರೆಯಬೇಡಿ.